ಬೀಟ್ ಹೊಸದು, ದನಿ ಮಾಗಿದ್ದು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹಿಪ್-ಹಾಪ್ ಹುಟ್ಟಿದ ದಿನ 1973ರ ಆಗಸ್ಟ್ 11 ಎಂದು ಲೆಕ್ಕ ಹಿಡಿಯುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದ ಒಂದು ಪಾರ್ಟಿಗೆ ಡಿಜೆ ಕೂಲ್ ಹರ್ಕ್ ಅಂದು ಹಾಡು ಹಾಕಿದ್ದರು. ಹುಡುಗರ ಕಲೆಯಾಗಿ ಶುರುವಾದ ಅದಕ್ಕೂ, ಅದನ್ನು ಬೆಳೆಸಿದ ಅನೇಕರಿಗೂ ಈಗ ಐವತ್ತು ದಾಟಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇದ್ದವು. ಹಾಗಾಗಿ ಇಡೀ ಅಂಕಣವನ್ನು ಮಾಗಿದ ರ‍್ಯಾಪರ್‌ಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನಗೀಗ 44. ಇಪ್ಪತ್ತು ವರ್ಷದಿಂದ ರ‍್ಯಾಪ್ ಮಾಡುತ್ತಿದ್ದೇನೆ. ವಿಷಯ ಹೊಸದು, ಬೀಟ್ (ಹಿನ್ನೆಲೆಯ ತಾಳ-ಸಂಗೀತ) ಹೊಸದು, ಆದರೂ ಕೇಳಿದವರೆಲ್ಲ ‘ಇದು ನಿಮ್ಮ ಹಳೇ ಹಾಡಿನ ಹಾಗೇ ಇದೆಯಲ್ಲ’ ಅನ್ನುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುತೇಕ ಫ್ಲೋದಲ್ಲಿ, ಅಂದರೆ ಪದಗಳು ಬೀಟ್ ಮೇಲೆ ಸಾಗುವ ನಡೆಯಲ್ಲಿ. ರ‍್ಯಾಪರ್‌ಗೆ ವಯಸ್ಸಾದದ್ದು ಪದಗಳಿಗಿಂತ ಮೊದಲು ಲಯದಲ್ಲಿ ಗೊತ್ತಾಗುತ್ತದೆ. ಸಾಲನ್ನು ಎಲ್ಲಿ ಎತ್ತಬೇಕು, ಉಸಿರು ಎಲ್ಲಿ ತೆಗೆಯಬೇಕು, ಪ್ರಾಸ ಎಲ್ಲಿ ಬೀಳಬೇಕು ಎಂಬ ಒಂದು ನಡೆ ಇಪ್ಪತ್ತರ ಹರೆಯದಲ್ಲೇ ನಾಲಿಗೆಗೆ ಹತ್ತಿರುತ್ತದೆ. ಸಾವಿರ ಸಲ ಬಳಸಿದ ಮೇಲೆ ಅದು ಅಚ್ಚಾಗಿಬಿಡುತ್ತದೆ. ಆಮೇಲೆ ಯಾವ ವಿಷಯವನ್ನು ತಂದು ಸುರಿದರೂ ಅದೇ ಆಕಾರದಲ್ಲಿ ಹೊರಬರುತ್ತದೆ. ಕೇಳುವ ಕಿವಿ ಅರ್ಥ ಹಿಡಿಯುವ ಮೊದಲೇ ಅಚ್ಚನ್ನು ಗುರುತಿಸಿಬಿಟ್ಟಿರುತ್ತದೆ.

ಇದು ನಿಮ್ಮ ತೊಂದರೆಯೇ ಹೌದೋ ಅಲ್ಲವೋ ಎಂದು ಒಂದು ಗಂಟೆಯಲ್ಲಿ ನೋಡಿಕೊಳ್ಳಬಹುದು. ನಿಮ್ಮ ಇತ್ತೀಚಿನ ಐದು ವರ್ಸ್ (ಹಾಡಿನ ಚರಣ) ತೆಗೆದುಕೊಳ್ಳಿ. ಪ್ರತಿಯೊಂದರ ಮೊದಲ 8 ಬಾರ್ (ತಾಳದ ಆವರ್ತ) ಸಾಕು. ಚೌಕುಳಿ ಹಾಳೆಯಲ್ಲಿ ಒಂದು ಬಾರ್‌ಗೆ 16 ಮನೆ ಹಾಕಿ; ನಾಲ್ಕು ಬೀಟ್ (ಇಲ್ಲಿ ತಾಳದ ಏಟು), ಬೀಟ್‌ಗೆ ನಾಲ್ಕು ಮನೆ. ಹಾಡನ್ನು ನಿಧಾನಕ್ಕೆ ಓಡಿಸುತ್ತ ಮೂರೇ ಗುರುತು ಮಾಡಿ: ಸಾಲಿನ ಮೊದಲ ಅಕ್ಷರ ಬಿದ್ದ ಮನೆ, ಪ್ರಾಸ ಬಿದ್ದ ಮನೆ, ಉಸಿರು ತೆಗೆದ ಮನೆ. ಈ 40 ಬಾರ್‌ಗಳಲ್ಲಿ ಮೂವತ್ತಕ್ಕಿಂತ ಹೆಚ್ಚು ಕಡೆ ಪ್ರಾಸ ನಾಲ್ಕನೇ ಬೀಟ್‌ನ ನೆತ್ತಿಯ ಮೇಲೇ, ಅಂದರೆ 13ನೇ ಮನೆಯಲ್ಲೇ ಬಿದ್ದಿದ್ದರೆ ರೋಗ ಸಿಕ್ಕಿತು. ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ.

ಇನ್ನು ಬಿಡಿಸಿಕೊಳ್ಳುವ ಬಗೆ. ಹೊಸ ಪದ ಬರೆಯಬೇಡಿ. ಬಾಯಿಪಾಠವಾಗಿರುವ ಹಳೆಯ ವರ್ಸನ್ನೇ ಇಟ್ಟುಕೊಳ್ಳಿ. ಪದದ ಚಿಂತೆ ಇಲ್ಲದಾಗ ಗಮನವೆಲ್ಲ ಲಯಕ್ಕೆ ಹೋಗುತ್ತದೆ. ಮೊದಲ ವಾರ ಪ್ರಾಸವನ್ನು ಮೂರನೇ ಬೀಟ್‌ಗೆ, ಅಂದರೆ 9ನೇ ಮನೆಗೆ ತನ್ನಿ, ಉಳಿದ ಏಳು ಮನೆಯಲ್ಲಿ ಮುಂದಿನ ಸಾಲನ್ನು ಆಗಲೇ ಶುರು ಮಾಡಿ. ಎರಡನೇ ವಾರ ಪ್ರತಿ ಸಾಲನ್ನೂ ಬಾರ್ ಹುಟ್ಟುವುದಕ್ಕೆ ಎರಡು ಮನೆ ಮೊದಲೇ ಎತ್ತಿಕೊಳ್ಳಿ. ಮೂರನೇ ವಾರ ಪ್ರತಿ ನಾಲ್ಕನೇ ಬಾರಿನ ಅರ್ಧವನ್ನು ಖಾಲಿ ಬಿಡಿ. ಖಾಲಿ ಬಿಡುವುದೇ ಹೆಚ್ಚಿನವರಿಗೆ ಕಷ್ಟ, ಯಾಕೆಂದರೆ ಕೈ ಪಳಗಿದವರು ಜಾಗ ಕಂಡಲ್ಲೆಲ್ಲ ಪದ ತುಂಬುತ್ತಾರೆ. ನಾಲ್ಕನೇ ವಾರ ಮೂರನ್ನೂ ಬೆರೆಸಿ. ದಿನಕ್ಕೆ 20 ನಿಮಿಷ ಸಾಕು, ಆದರೆ ರೆಕಾರ್ಡ್ ಮಾಡಿ ಮರುದಿನ ಕೇಳಲೇಬೇಕು. ಹಾಡುವಾಗ ‘ಬದಲಾಯಿಸಿದೆ’ ಅನ್ನಿಸಿದ್ದು ಕೇಳುವಾಗ ಹಾಗೇ ಇರುವುದು ಮೊದಲ ಹತ್ತು ದಿನ ಸಾಮಾನ್ಯ.

ಇಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ. ಹಳೆಯ ನಡೆ ಬಿಡಬೇಕೆಂದು ಕೆಲವರು ವೇಗ ಹೆಚ್ಚಿಸುತ್ತಾರೆ. ಅದೇ ಅಚ್ಚನ್ನು ಎರಡು ಪಟ್ಟು ಜೋರಾಗಿ ಒತ್ತಿದರೆ ಅಚ್ಚು ಮಾಯವಾಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ.

ಪ್ರಶ್ನೆ: ಈಗಿನ ಹುಡುಗರ ಟ್ರ್ಯಾಪ್, ಡ್ರಿಲ್ ಎಂಬ ಶೈಲಿಗಳ ಬೀಟ್‌ಗಳ ಮೇಲೆ ಹಾಡಬೇಕೆ, ಅಥವಾ ನನ್ನ ಕಾಲದ 90 ಬಿಪಿಎಂ (ನಿಮಿಷಕ್ಕೆ 90 ಏಟು) ಬೀಟನ್ನೇ ಹಿಡಿದುಕೊಳ್ಳಬೇಕೆ?

ಉತ್ತರ: ಮೊದಲು ಲೆಕ್ಕ ನೋಡೋಣ. 90 ಬಿಪಿಎಂನಲ್ಲಿ ಒಂದು ಬಾರ್ ಸುಮಾರು 2.7 ಸೆಕೆಂಡ್, 16 ಬಾರ್‌ನ ವರ್ಸ್ ಹತ್ತಿರಹತ್ತಿರ 43 ಸೆಕೆಂಡ್. ಟ್ರ್ಯಾಪ್, ಡ್ರಿಲ್‌ನಲ್ಲಿ ಸಾಮಾನ್ಯವಾದ 140ರಲ್ಲಿ ಬಾರ್ 1.7 ಸೆಕೆಂಡ್, ಅದೇ 16 ಬಾರ್ 27 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. 90ರಲ್ಲಿ 16 ಮನೆಗೂ ಅಕ್ಷರ ತುಂಬಿದರೆ ಸೆಕೆಂಡಿಗೆ ಆರು ಅಕ್ಷರ ಆಗುತ್ತದೆ, ಆರಾಮ. 140ರಲ್ಲಿ ಹಾಗೆಯೇ ತುಂಬಿದರೆ ಸೆಕೆಂಡಿಗೆ ಒಂಬತ್ತು ದಾಟುತ್ತದೆ. ನಾಲಿಗೆ ತೊಡರುತ್ತದೆ, ಪದ ಕಲಸುತ್ತದೆ. ಅದಕ್ಕೇ ಆ ಬೀಟ್‌ಗಳಲ್ಲಿ ಹಾಡುವವರು ಬಾರ್‌ಗೆ 12 ಅಕ್ಷರದ ಮೂರು-ಮೂರರ ನಡೆ ಹಿಡಿಯುತ್ತಾರೆ. ಆಗ ಸೆಕೆಂಡಿಗೆ ಏಳು. ಇಲ್ಲವೇ ಬೀಟನ್ನು 70 ಎಂದು ಭಾವಿಸಿ ಅರ್ಧ ವೇಗದಲ್ಲಿ ತೂಗುತ್ತಾರೆ. 90ಕ್ಕೆ ಬರೆದ ವರ್ಸನ್ನು 140ರ ಮೇಲೆ ತಂದು ಕೂರಿಸುವ ಹಿರಿಯರು ಎಡವುವುದು ಇಲ್ಲಿ. ವಯಸ್ಸಿನ ಮಾತು ಇದರಲ್ಲಿ ಬರುವುದೇ ಇಲ್ಲ. ಅಳತೆ ತೆಗೆಯದೆ ಬಟ್ಟೆ ಹೊಲಿದದ್ದರ ಫಲ ಅಷ್ಟೆ.

ಆದರೂ ನಮ್ಮ ಅನಿಸಿಕೆ ಕೇಳಿದರೆ, ಬೀಟ್ ಯಾವುದು ಎನ್ನುವುದಕ್ಕಿಂತ ಬೀಟ್ ಮಾಡುವವರು ಯಾರು, ಅವರಿಗೆ ನಿಮ್ಮನ್ನು ತಡೆಯುವ ಧೈರ್ಯ ಇದೆಯೇ ಎನ್ನುವುದು ದೊಡ್ಡದು. ಅಮೆರಿಕದ ರ‍್ಯಾಪರ್ ನಾಸ್ ಅವರನ್ನೇ ನೋಡಿ. 1994ರಲ್ಲಿ ‘ಇಲ್‌ಮ್ಯಾಟಿಕ್’ ತಂದಾಗ ಅವರಿಗೆ ಇಪ್ಪತ್ತು. ಆ ಆಲ್ಬಂನ ಹೆಸರಿನ ನೆರಳಲ್ಲೇ ಕಾಲು ಶತಮಾನ ಕಳೆದ ಮೇಲೆ, ತಮಗಿಂತ ಹದಿನಾಲ್ಕು ವರ್ಷ ಚಿಕ್ಕವರಾದ ಹಿಟ್-ಬಾಯ್ ಎಂಬ ಪ್ರೊಡ್ಯೂಸರ್ ಜೊತೆ ಕೂತರು. 2020ರಿಂದ 2023ರವರೆಗೆ ಇಬ್ಬರೂ ಸೇರಿ ಆರು ಆಲ್ಬಂ ಮಾಡಿದರು. ಅದರಲ್ಲಿ ಮೊದಲನೆಯದಾದ ‘ಕಿಂಗ್ಸ್ ಡಿಸೀಸ್’ಗೆ 2021ರಲ್ಲಿ ಸಿಕ್ಕಿದ್ದು ನಾಸ್ ಅವರ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ. ಆಗ ಅವರಿಗೆ 47. ಎಲ್ಎಲ್ ಕೂಲ್ ಜೆ ಹನ್ನೊಂದು ವರ್ಷ ಬಿಟ್ಟು 2024ರಲ್ಲಿ ಆಲ್ಬಂ ತಂದಾಗ, 56ರ ವಯಸ್ಸಿನಲ್ಲಿ, ಬೀಟ್‌ನ ಹೊಣೆಯನ್ನು ಕ್ಯೂ-ಟಿಪ್‌ಗೆ ವಹಿಸಿದರು. ಜೇ-ಝೀ 2017ರಲ್ಲಿ ‘4:44’ ಮಾಡಿದ್ದು ನೋ ಐ.ಡಿ. ಎಂಬ ಒಬ್ಬರೇ ಪ್ರೊಡ್ಯೂಸರ್ ಜೊತೆ: 10 ಹಾಡು, 36 ನಿಮಿಷ. ಜೊತೆಗಾರ ಚಿಕ್ಕವನೇ ಆಗಬೇಕೆಂದಿಲ್ಲ ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕ್ಯೂ-ಟಿಪ್, ನೋ ಐ.ಡಿ. ಇಬ್ಬರೂ ಆ ಹಾಡುಗಾರರ ಓರಗೆಯವರು.

ಹದಿನೈದು ಜನ ಪ್ರೊಡ್ಯೂಸರ್‌ಗಳಿಂದ ಬೀಟ್ ತರಿಸಿಕೊಂಡಾಗ ಪ್ರತಿಯೊಬ್ಬರೂ ನಿಮ್ಮ ಹಳೆಯ ಹೆಸರಿಗೆ ಹೊಂದುವ ಬೀಟನ್ನೇ ಕಳಿಸುತ್ತಾರೆ. ಒಬ್ಬರೇ ಇದ್ದರೆ ನಾಲ್ಕನೇ ಹಾಡಿನ ಹೊತ್ತಿಗೆ ಅವರಿಗೆ ನಿಮ್ಮ ಚಾಳಿ ಗೊತ್ತಾಗಿರುತ್ತದೆ. ‘ಇದನ್ನು ಮೊನ್ನೆಯ ಹಾಡಿನಲ್ಲೇ ಮಾಡಿದಿರಿ’ ಎಂದು ಹೇಳಬಲ್ಲವರು ಅವರೊಬ್ಬರೇ. ಶುರುವಿನಲ್ಲೇ ಒಪ್ಪಂದ ಮಾಡಿಕೊಳ್ಳಿ: 20 ಬೀಟ್ ಕೇಳಬೇಕು, 14ಕ್ಕೆ ಬರೆಯಬೇಕು, 10 ಮಾತ್ರ ಹೊರಬರಬೇಕು, ಬಿಡುವ ನಾಲ್ಕರಲ್ಲಿ ಎರಡನ್ನು ಪ್ರೊಡ್ಯೂಸರ್ ಆರಿಸಬೇಕು. ನಿಮಗೆ ಪ್ರಿಯವಾದದ್ದೇ ಹೋಗುತ್ತದೆ. ಹೋಗಲಿ.

ಪ್ರಶ್ನೆ: ಏನು ಬರೆಯುವುದು? ಬೀದಿಯ ಬದುಕು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಅದನ್ನೇ ಹಾಡಿದರೆ ಸುಳ್ಳು. ಮನೆ, ಮಕ್ಕಳು, ಸಕ್ಕರೆ ಕಾಯಿಲೆ ಎಂದರೆ ಯಾರು ಕೇಳುತ್ತಾರೆ?

ಉತ್ತರ: ಕೇಳುತ್ತಾರೆ. ಕ್ಲಿಪ್ಸ್ ಎಂಬ ರ‍್ಯಾಪ್ ಜೋಡಿಯ ಸಹೋದರರು ಹದಿನಾರು ವರ್ಷದ ನಂತರ 2025ರ ಜುಲೈನಲ್ಲಿ ಜೋಡಿಯಾಗಿ ಆಲ್ಬಂ ತಂದಾಗ ಮೊದಲ ಹಾಡನ್ನೇ ತೀರಿಕೊಂಡ ತಂದೆತಾಯಿಗೆ ಮೀಸಲಿಟ್ಟರು. ಒಬ್ಬ ತಾಯಿಯ ಬಗ್ಗೆ, ಇನ್ನೊಬ್ಬ ತಂದೆಯ ಬಗ್ಗೆ. ಜೇ-ಝೀ ತಮ್ಮ ದಾಂಪತ್ಯದಲ್ಲಿ ತಾವು ಮಾಡಿದ ತಪ್ಪನ್ನು 47ರಲ್ಲಿ ಹಾಡಾಗಿಸಿದರು. ಕಿಲ್ಲರ್ ಮೈಕ್ 2023ರಲ್ಲಿ ತಮ್ಮ ಜನ್ಮನಾಮವನ್ನೇ ಆಲ್ಬಂಗೆ ಇಟ್ಟು ತಾಯಿ, ಅಜ್ಜಿ, ಬೆಳೆದ ಮನೆಗಳ ಕಡೆಗೆ ತಿರುಗಿದರು; ಮರುವರ್ಷ ಫೆಬ್ರವರಿಯಲ್ಲಿ ಅವರಿಗೆ ಮೂರು ಗ್ರ್ಯಾಮಿ ಬಂದವು, ವಯಸ್ಸು 48.

ಸಕ್ಕರೆ ಕಾಯಿಲೆಯ ಹಾಡು ಕೆಡುವುದು ಕಾಯಿಲೆಯಿಂದ ಅಲ್ಲ, ಉಪದೇಶದಿಂದ. ಐವತ್ತರ ರ‍್ಯಾಪರ್‌ಗೆ ತಾನು ಕಲಿತದ್ದನ್ನು ಹೇಳಿಬಿಡಬೇಕೆಂಬ ಆತುರ ಇರುತ್ತದೆ. ‘ಆರೋಗ್ಯವೇ ಭಾಗ್ಯ’ ಎಂಬ ಅರ್ಥದ ಸಾಲನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಬೆಳಗ್ಗೆ ಐದಕ್ಕೆ ಬೆರಳ ತುದಿಗೆ ಸೂಜಿ ಚುಚ್ಚಿ, ಮೀಟರ್‌ನಲ್ಲಿ ಅಂಕಿ ಮೂಡುವವರೆಗಿನ ಐದು ಸೆಕೆಂಡ್ ಕಾಯುವುದನ್ನು ಹೇಳಿ. ಆ ಐದು ಸೆಕೆಂಡಿಗೆ 90 ಬಿಪಿಎಂನಲ್ಲಿ ಸುಮಾರು ಎರಡು ಬಾರ್ ಹಿಡಿಸುತ್ತದೆ, ಬೇಕಿದ್ದರೆ ಆ ಎರಡು ಬಾರ್ ಸುಮ್ಮನಿರಿ. ಇಪ್ಪತ್ತರ ಹುಡುಗ ಇದನ್ನು ಬರೆಯಲಾರ. ಅದೇ ನಿಮ್ಮ ಬಂಡವಾಳ.

ವರ್ಸ್ ಮುಗಿದ ಮೇಲೆ ಒಂದು ಜರಡಿ ಹಿಡಿಯಿರಿ. ಪ್ರತಿ ಸಾಲಿಗೂ ಕೇಳಿ: ಇದನ್ನು 22ರ ಹುಡುಗನೊಬ್ಬ ಹಾಗೇ ಹಾಡಬಹುದೇ? ಹೌದಾದರೆ ಪಕ್ಕದಲ್ಲಿ ಗೆರೆ ಎಳೆಯಿರಿ. 16ರಲ್ಲಿ ಆರಕ್ಕಿಂತ ಹೆಚ್ಚು ಗೆರೆ ಬಂದರೆ ಆ ವರ್ಸ್ ನಿಮ್ಮದಲ್ಲ. ಎಲ್ಲ ಸಾಲೂ ಉಳಿಯಬೇಕೆಂದು ಹಟ ಬೇಡ. ನಾಲ್ಕಾರು ಸಾಲು ಬರೀ ನಾದಕ್ಕೆ, ಬರೀ ಕೆಚ್ಚಿಗೆ ಇರಬೇಕು, ಇಲ್ಲದಿದ್ದರೆ ಅದು ದಿನಚರಿಯಾಗುತ್ತದೆ. ಎರಡನೇ ಜರಡಿ ‘ನಮ್ಮ ಕಾಲದಲ್ಲಿ’ ಎಂಬ ಅರ್ಥದ ಸಾಲುಗಳಿಗೆ. ಒಂದು ಆಲ್ಬಂಗೆ ಅಂಥದ್ದು ಒಂದು ಸಾಕು. ಈಗಿನ ಹುಡುಗರಿಗೆ ರ‍್ಯಾಪ್ ಬರುವುದಿಲ್ಲ ಎಂದು ಹಾಡುವ ಹಿರಿಯ ತನ್ನ ಬಗ್ಗೆ ಏನೂ ಹೇಳುತ್ತಿರುವುದಿಲ್ಲ.

ಸಾಮಗ್ರಿ ಕೂಡಿಸಿಡುವ ಅಭ್ಯಾಸ ಬೆಳೆಸಿಕೊಳ್ಳಿ. ಎಮಿನೆಮ್ ಚೂರುಪಾರು ಹಾಳೆಗಳ ಮೇಲೆ ಗೀಚಿದ ಸಾಲುಗಳನ್ನು ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದುದನ್ನು 2010ರಲ್ಲಿ ಟಿವಿ ಸಂದರ್ಶನದಲ್ಲಿ ತೆಗೆದು ತೋರಿಸಿದ್ದರು. ಜೇ-ಝೀ ಕಾಗದವನ್ನೇ ಮುಟ್ಟದೆ ತಲೆಯಲ್ಲೇ ಕಟ್ಟುವವರು. ಎರಡನೆಯದು ನಲವತ್ತರ ಮೇಲೆ ಹೊಸದಾಗಿ ಶುರು ಮಾಡುವ ವಿದ್ಯೆಯಲ್ಲ. ಪೆಟ್ಟಿಗೆಯ ದಾರಿ ಹಿಡಿಯಿರಿ: ದಿನಕ್ಕೆ ಎರಡು ಸಾಲು, ಪ್ರಾಸ ಇಲ್ಲದಿದ್ದರೂ ಸರಿ, ಕಣ್ಣಿಗೆ ಬಿದ್ದ ವಸ್ತು ಮತ್ತು ಕಿವಿಗೆ ಬಿದ್ದ ಮಾತು ಮಾತ್ರ. ಅಭಿಪ್ರಾಯ ಬರೆಯಬೇಡಿ. ಆರು ತಿಂಗಳಿಗೆ 360 ಸಾಲಾಗುತ್ತದೆ, ಮೂವತ್ತು ಕೆಲಸಕ್ಕೆ ಬಂದರೆ ಎರಡು ವರ್ಸ್‌ನಷ್ಟು ಜೀವದ್ರವ್ಯ ಸಿಕ್ಕಂತೆ.

ಪ್ರಶ್ನೆ: ಆಂಡ್ರೆ 3000 ರ‍್ಯಾಪ್ ಬಿಟ್ಟು ಕೊಳಲು ಊದಿದ್ದು ಸೋಲು ಒಪ್ಪಿಕೊಂಡ ಹಾಗಲ್ಲವೇ?

ಉತ್ತರ: ಖಂಡಿತ ಅಲ್ಲ. 2023ರ ನವೆಂಬರ್‌ನಲ್ಲಿ, 48ರ ವಯಸ್ಸಿನಲ್ಲಿ ಬಂದ ಆ ಕೊಳಲಿನ ಆಲ್ಬಂನಲ್ಲಿ ರ‍್ಯಾಪ್‌ನ ಒಂದು ಸಾಲೂ ಇಲ್ಲ. ನಿಜಕ್ಕೂ ರ‍್ಯಾಪ್ ಆಲ್ಬಂ ಮಾಡಬೇಕೆಂದಿದ್ದೆ, ಆದರೆ ಗಾಳಿ ಈ ಕಡೆ ಬೀಸಿತು ಎಂಬ ಅರ್ಥವನ್ನೇ ಮೊದಲ ಹಾಡಿನ ಉದ್ದನೆಯ ಶೀರ್ಷಿಕೆಯಾಗಿಸಿದರು. ಹೇಳಲು ಇಲ್ಲದ್ದನ್ನು ಹೇಳುವ ಬದಲು ಊದಲು ಇದ್ದದ್ದನ್ನು ಊದಿದರು, ಅದರಲ್ಲಿ ಪ್ರಾಮಾಣಿಕತೆ ಇದೆ. ಆದರೆ ಅದನ್ನು ನೋಡಿ ನೀವೂ ವಾದ್ಯ ಹಿಡಿಯುವ ಮೊದಲು ಒಂದು ಗಮನಿಸಿ: ಅವರು ವರ್ಷಗಟ್ಟಲೆ ಹೋದಲ್ಲೆಲ್ಲ ಕೊಳಲು ಒಯ್ದು ನುಡಿಸುತ್ತಿದ್ದವರು. ಹೊಸ ದಾರಿ ಎಂದು ನಮಗೆ ಕಂಡದ್ದು ಅವರಿಗೆ ಸವೆದ ದಾರಿ.

ಪ್ರಶ್ನೆ: ವಯಸ್ಸು 51. ವರ್ಸ್‌ನ ಹತ್ತನೇ ಬಾರ್‌ಗೆ ಉಸಿರು ಸೋಲುತ್ತದೆ, ಎರಡು ಕಾರ್ಯಕ್ರಮ ಸಾಲಾಗಿ ಬಂದರೆ ಗಂಟಲು ಕಟ್ಟುತ್ತದೆ. ಪರಿಹಾರ ಇದೆಯೇ?

ಉತ್ತರ: ಇದೆ, ಆದರೆ ಉಸಿರಿನದು ಬೇರೆ, ಗಂಟಲಿನದು ಬೇರೆ.

ಶ್ವಾಸಕೋಶದ ಶಕ್ತಿ ಮೂವತ್ತರ ನಂತರ ಎಲ್ಲರಿಗೂ ಮೆಲ್ಲಗೆ ಇಳಿಯುತ್ತದೆ. ಇಪ್ಪತ್ತೈದರಲ್ಲಿ ಬರೆದ ವರ್ಸ್‌ನ ಉಸಿರಿನ ಜಾಗಗಳು ಆಗಿನ ಎದೆಗೆ ಬರೆದವು. ಹಾಳೆಯ ಮೇಲೆ ಅವನ್ನು ಮತ್ತೆ ಗುರುತು ಮಾಡಿ. ಬಾಯಿಂದ ಚಕ್ಕನೆ ಒಂದು ಗುಕ್ಕು ಗಾಳಿ ಎಳೆಯಲು ಸೆಕೆಂಡಿನ ಮೂರನೇ ಒಂದು ಭಾಗವಾದರೂ ಬೇಕು. 90 ಬಿಪಿಎಂನಲ್ಲಿ ಅದು ಅರ್ಧ ಬೀಟ್. ಪ್ರತಿ ಎರಡು ಬಾರ್‌ಗೊಮ್ಮೆ ಅಷ್ಟು ಜಾಗ ಬಿಡಿ. 140ರಲ್ಲಿ ಅರ್ಧ ಬೀಟ್ ಸಾಲದು, ಒಂದು ಪೂರ್ತಿ ಬೀಟ್ ಬೇಕು. ಜಾಗ ಮಾಡಲು ಸಾಲಿನ ಕೊನೆಯ ಪದವನ್ನು ನುಂಗಬೇಡಿ, ಪ್ರಾಸ ಹೋಗುತ್ತದೆ. ಸಾಲಿನ ಎತ್ತುಗಡೆಯ ಒಂದೆರಡು ಅಕ್ಷರ ಕತ್ತರಿಸಿ. ವೇದಿಕೆಯಲ್ಲಿ ಬೀಟನ್ನು 2ರಿಂದ 4 ಬಿಪಿಎಂ ಇಳಿಸಿದರೆ ಸಭೆಗೆ ಗೊತ್ತಾಗುವುದು ಅಪರೂಪ, ನಿಮ್ಮ ಎದೆಗೆ ಗೊತ್ತಾಗುತ್ತದೆ. ಹುಕ್‌ಗೂ (ಮರಳಿ ಬರುವ ಪಲ್ಲವಿ) ಸಾಲಿನ ಕೊನೆಯ ಪದಗಳಿಗೂ ದನಿ ಸೇರಿಸುವ ಹೈಪ್ ಮ್ಯಾನ್ ಇರುವುದು ಇದಕ್ಕೇ. ತಾಲೀಮನ್ನು ಬಿರುಸಾಗಿ ನಡೆಯುತ್ತ ಮಾಡಿ. ನಡೆಯುತ್ತ ಪೂರ್ತಿ ದನಿಯಲ್ಲಿ 16 ಬಾರ್ ಮುಗಿಸಬಲ್ಲವರು ವೇದಿಕೆಯಲ್ಲಿ ನಿಂತು 32 ಮುಗಿಸುತ್ತಾರೆ.

ಗಂಟಲಿಗೆ ಸುಲಭದ, ಫಲಕಾರಿ ಸಾಧನ ಎಂದರೆ ಜ್ಯೂಸ್ ಕುಡಿಯುವ ಸ್ಟ್ರಾ. ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾದ ತುದಿಯನ್ನು 2-3 ಸೆಂಟಿಮೀಟರ್ ಮುಳುಗಿಸಿ, ‘ಊ’ ಎಂದು ಗುಳ್ಳೆ ಒಂದೇ ಸಮ ಬರುವಂತೆ ದನಿ ಮಾಡಿ. ಕೆಳಸ್ವರದಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಿ. ಐದು ನಿಮಿಷ, ಕಾರ್ಯಕ್ರಮಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ನೀರು ಒಡ್ಡುವ ತಡೆಯಿಂದ ಗಾಳಿಯ ಒತ್ತಡ ಹಿಂದಕ್ಕೆ ಬಂದು ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೆದುವಾಗಿ ಕಂಪಿಸುತ್ತವೆ. ಕುಡಿದ ನೀರು ಧ್ವನಿತಂತುವನ್ನು ನೇರವಾಗಿ ಮುಟ್ಟುವುದಿಲ್ಲ, ಅನ್ನನಾಳಕ್ಕೆ ಹೋಗುತ್ತದೆ. ಹಾಗಾಗಿ ವೇದಿಕೆ ಹತ್ತುವಾಗ ಗಟಗಟ ಕುಡಿದು ಪ್ರಯೋಜನವಿಲ್ಲ, ಎರಡು ಮೂರು ಗಂಟೆ ಮೊದಲಿನಿಂದ ಗುಟುಕುಗುಟುಕಾಗಿ ಕುಡಿಯಿರಿ. ಕಾರ್ಯಕ್ರಮ ಮುಗಿಸಿ ಹೊಟ್ಟೆ ತುಂಬ ಉಂಡು ಹಾಗೇ ಮಲಗುವುದು ಈ ಕಸುಬಿನ ದೊಡ್ಡ ಶತ್ರು. ಮಲಗಿದಾಗ ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಸುಡುತ್ತದೆ, ಬೆಳಗ್ಗೆ ದನಿ ಒಡೆದಿರುತ್ತದೆ. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ. ಗಂಟಲು ಕಟ್ಟಿದಾಗ ಪಿಸುಗುಟ್ಟಬೇಡಿ, ಸುಮ್ಮನಿರಿ. ಕೆಮ್ಮಿ ಗಂಟಲು ಕೆರೆಯುವ ಬದಲು ಒಂದು ಗುಟುಕು ನುಂಗಿ. ದನಿ ಒಡೆದದ್ದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು ಧ್ವನಿತಂತುವನ್ನು ನೋಡಲೇಬೇಕು. ಸಿಗರೇಟು ಸೇದುವವರು ಅಷ್ಟು ದಿನವೂ ಕಾಯಬಾರದು.

ಕೇಳದಿದ್ದರೂ ಹೇಳಬೇಕಾದ ಒಂದು ಮಾತು ಕಿವಿಯದು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಸ್ಪೀಕರ್ ಮುಂದೆ ಇಪ್ಪತ್ತು ವರ್ಷ ನಿಂತವರಿಗೆ ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದು ಕೇಳುವ ಶಕ್ತಿ. ಅಂಥವರು ಮಿಕ್ಸ್ ಮಾಡುವಾಗ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವಾಗ) ಸದ್ದು ಮಂಕಾಗಿದೆ ಎಂದು ಆ ಎತ್ತರದ ಭಾಗವನ್ನು, ಅಂದರೆ ಟ್ರೆಬಲ್ ಏರಿಸುತ್ತ ಹೋಗುತ್ತಾರೆ, ಹುಡುಗರ ಕಿವಿಗೆ ಅದು ಚುಚ್ಚುತ್ತದೆ. ಕೊನೆಯ ಮಿಕ್ಸನ್ನು ಮೂವತ್ತರೊಳಗಿನ ಒಂದು ಜೊತೆ ಕಿವಿಗೆ ಕೇಳಿಸದೆ ಬಿಡಬೇಡಿ.

ಪ್ರಶ್ನೆ: ಹತ್ತು ವರ್ಷದ ಹಿಂದೆ ಒಡೆದ ನಮ್ಮ ತಂಡವನ್ನು ಮತ್ತೆ ಕೂಡಿಸುವ ಮಾತು ನಡೆದಿದೆ. ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೇವೆ. ವರ್ಸ್‌ಗಳನ್ನು ಫೈಲ್‌ನಲ್ಲಿ ಕಳಿಸಿಕೊಂಡರೆ ಆಗದೇ?

ಉತ್ತರ: ಆಲ್ಬಂ ಆಗುತ್ತದೆ, ತಂಡ ಆಗುವುದಿಲ್ಲ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದವರು 18 ವರ್ಷದ ನಂತರ ಆಲ್ಬಂ ಮಾಡಿದಾಗ ನ್ಯೂಜೆರ್ಸಿಯಲ್ಲಿರುವ ಕ್ಯೂ-ಟಿಪ್ ಅವರ ಮನೆಯ ಸ್ಟುಡಿಯೋದಲ್ಲಿ ಎದುರುಬದುರು ಕೂತೇ ಮಾಡಿದರು. ಕೆಲಸ ನಡೆಯುತ್ತಿದ್ದಂತೆಯೇ, 2016ರ ಮಾರ್ಚ್‌ನಲ್ಲಿ ತಂಡದ ಫೈಫ್ ಡಾಗ್ ಮಧುಮೇಹದ ತೊಡಕಿನಿಂದ ತೀರಿಕೊಂಡರು. ನವೆಂಬರ್‌ನಲ್ಲಿ ಆಲ್ಬಂ ಹೊರಬಂದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಒಬ್ಬರ ಸಾಲನ್ನು ಇನ್ನೊಬ್ಬರು ಬಾಯಿಂದ ಕಿತ್ತುಕೊಂಡಂತೆ ಮುಂದುವರಿಸುವ ಆ ಚುರುಕು ಫೈಲ್‌ನಲ್ಲಿ ಬರುವಂಥದ್ದಲ್ಲ. ವರ್ಷವಿಡೀ ಬೇಡ, ಎರಡು ಸಲ ಐದೈದು ದಿನ ಒಂದೇ ಕೋಣೆಯಲ್ಲಿ ಕೂಡಿ. ಮೊದಲ ದಿನ ಏನೂ ರೆಕಾರ್ಡ್ ಮಾಡಬೇಡಿ.

ಪ್ರಶ್ನೆ: ಲೇಬಲ್‌ಗಳು ಐವತ್ತರವರ ಕಡೆ ತಿರುಗಿಯೂ ನೋಡುವುದಿಲ್ಲ. ಹಣ ಹೇಗೆ ಹೊಂದಿಸುವುದು?

ಉತ್ತರ: ಹಳೆಯ ಕೇಳುಗರು ನಿಮ್ಮ ಆಸ್ತಿ, ಅವರ ಬಳಿಗೆ ನೇರ ಹೋಗಿ. ಡಿ ಲಾ ಸೋಲ್ ತಂಡದವರು 2015ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ 1,10,000 ಡಾಲರ್ ಕೇಳಿದರು, ಬಂದದ್ದು 6 ಲಕ್ಷಕ್ಕೂ ಹೆಚ್ಚು. ಅದರಿಂದ ಅವರು ಮಾಡಿದ ಕೆಲಸ ಇನ್ನೂ ಮುಖ್ಯ. ಹಳೆಯ ಕರಾರುಗಳಲ್ಲಿ ಸ್ಯಾಂಪಲ್‌ಗಳ (ಬೇರೆಯವರ ಹಾಡಿನಿಂದ ಎತ್ತಿಕೊಂಡ ತುಣುಕುಗಳ) ಡಿಜಿಟಲ್ ಹಕ್ಕು ಸೇರಿರಲಿಲ್ಲವಾದ್ದರಿಂದ ಅವರ ಮೊದಲ ಆಲ್ಬಂಗಳು ಸ್ಟ್ರೀಮಿಂಗ್‌ಗೆ ಬರಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಪೆಟ್ಟು ತಿಂದವರು ಕಿಕ್‌ಸ್ಟಾರ್ಟರ್ ಹಣದ ಆಲ್ಬಂಗೆ ಬೇರೆಯವರ ಹಾಡನ್ನು ಮುಟ್ಟಲು ಹೋಗಲಿಲ್ಲ. ವಾದ್ಯಗಾರರನ್ನು ಕೂರಿಸಿ 200 ಗಂಟೆಗೂ ಹೆಚ್ಚು ನುಡಿಸಿ ರೆಕಾರ್ಡ್ ಮಾಡಿಕೊಂಡು, ಅದರಿಂದಲೇ ತುಣುಕು ಕತ್ತರಿಸಿ ಬೀಟ್ ಕಟ್ಟಿದರು. ನಿಮಗೆ 200 ಗಂಟೆ ಬೇಕಿಲ್ಲ. ಡ್ರಮ್, ಬೇಸ್, ಕೀಬೋರ್ಡ್ ಮೂವರನ್ನು ಎರಡು ದಿನ ಕೂರಿಸಿದರೆ ಹತ್ತು ಗಂಟೆಯ ಸರಕು ಸಿಗುತ್ತದೆ. ಒಟ್ಟು ಸಂಭಾವನೆ ಕೊಟ್ಟು ಹಕ್ಕು ನಿಮ್ಮದೆಂದು ಅವತ್ತೇ ಬರಹದಲ್ಲಿ ಮಾಡಿಕೊಳ್ಳಿ. ಇದನ್ನು ಮರೆತರೆ ಹಾಡು ಓಡಿದ ದಿನ ಜಗಳ ಶುರು.

ಇನ್ನೊಂದು ಮಾದರಿ ‘ಕಾ’ ಎಂಬ ಹೆಸರಿನ ರ‍್ಯಾಪರ್ ಅವರದು. ನ್ಯೂಯಾರ್ಕಿನ ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿ ಸಂಬಳಕ್ಕೆ ದುಡಿಯುತ್ತಲೇ, ನಲವತ್ತರ ಆಸುಪಾಸಿನಿಂದ ಒಂದಾದ ಮೇಲೊಂದು ಆಲ್ಬಂ ತಾವೇ ಮಾಡಿ ತಾವೇ ಮಾರಿದರು. ಡ್ರಮ್ ಇದ್ದೂ ಇಲ್ಲದಂತಿರುವ ಬೀಟ್, ಏರದ ದನಿ, ಒಂದೊಂದು ಸಾಲಿಗೂ ತೂಕ. ಹೊಟ್ಟೆಪಾಡು ಬೇರೆ ಕಡೆ ನಡೆಯುತ್ತಿದ್ದುದರಿಂದ ಹಾಡು ಯಾರ ಮರ್ಜಿಯನ್ನೂ ಕಾಯಬೇಕಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ, 52ಕ್ಕೆ ತೀರಿಕೊಂಡರು. ಅವರ ಆಲ್ಬಂಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಕೇಳಿ. ವರ್ಷ ಕಳೆದಂತೆ ಪದ ಕಡಿಮೆಯಾಗಿ ಬಿಗಿ ಹೆಚ್ಚುವುದು ಕಿವಿಗೇ ತಿಳಿಯುತ್ತದೆ.

ಪ್ರಶ್ನೆ: ಇದೇ ಕೊನೆಯ ಆಲ್ಬಂ ಎಂದು ಘೋಷಿಸಿದರೆ ಗಮನ ಸಿಗುವುದಿಲ್ಲವೇ?

ಉತ್ತರ: ಒಂದು ಸಲ ಸಿಗುತ್ತದೆ. ಜೇ-ಝೀ 2003ರಲ್ಲಿ ನಿವೃತ್ತಿ ಎಂದು ಹೇಳಿ 2006ರಲ್ಲಿ ಹೊಸ ಆಲ್ಬಂ ತಂದರು. ಆ ಹೆಸರಿಗೆ ಅದು ನಡೆಯಿತು. ನಿಮಗೆ ಬರೆಯಲು ಆಗುತ್ತಿಲ್ಲವಾದರೆ ಎರಡು ವರ್ಷ ಸುಮ್ಮನಿರಿ, ಯಾರಿಗೂ ಹೇಳಬೇಡಿ. ಈ ನಡುವೆ ಬೇರೆಯವರ ಹಾಡಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಫೀಚರ್ ವರ್ಸ್ ಮಾಡಿ, ಅದರಲ್ಲಿ ಎರಡಾದರೂ ನಿಮಗಿಂತ ಹದಿನೈದು ವರ್ಷ ಚಿಕ್ಕವರ ಹಾಡಿನಲ್ಲಿರಲಿ. ಎಂಟು ಬಾರ್ ಕೇಳಿದರೆ ಎಂಟೇ ಬಾರ್ ಕೊಡಿ.